ಎರವಲು ಬಾಣಲೆ

ಸತ್ಯಮಿತ್ರನ ಮಣ್ಣಿಗೆ ಬಂದವರೆಲ್ಲ ಊರಿಗೆ ಮರಳಿದ ಮೇಲೆ ಮನೆಯಲ್ಲಿ ಮೊದಲ ಸಾಮಾನ್ಯ ಬೆಳಗಾಯಿತು. ಹಾಲಿನವನು ಬಂದ. ಎಸ್ತೇರ ಹಾಲು ಕಾಯಿಸಿದಳು. ಆಮೇಲೆ ಅವಳ ಕೈ ತಾನಾಗಿ ನನ್ನನ್ನು ಇಳಿಸಿ ಒಲೆಗೆ ಇಟ್ಟಿತು. ಫ್ರಿಜ್ಜಿನಲ್ಲಿ ಬಾಡುತ್ತಿದ್ದ ರಾಜಗಿರಿ ಸೊಪ್ಪನ್ನು ಹೆಚ್ಚಿ ಹಾಕಿದಳು. ಪಲ್ಯ ಬೆಂದ ಮೇಲೆ ಒಂದೇ ತಾಟು ತೆಗೆದು, ಅದನ್ನೂ ಒಳಗಿಟ್ಟಳು. ತಿನ್ನುವವನು ಇರಲಿಲ್ಲ.

ನಾನು ಒಂದು ಕಬ್ಬಿಣದ ಬಾಣಲೆ. ಹುಬ್ಬಳ್ಳಿಯ ಎರಕದ ಕಾರ್ಖಾನೆಯೊಂದರಲ್ಲಿ ಮುರಿದ ಗಾಲಿ, ತುಕ್ಕು ಹಿಡಿದ ಪೈಪುಗಳ ಜೊತೆ ಕರಗಿ ಹುಟ್ಟಿದೆ. ಅಂಥ ಕುಲದ ನನಗೆ ಮನುಷ್ಯರ ರಕ್ತದ ಜಂಬ ಅರ್ಥವಾಗುವುದಿಲ್ಲ. ಸಂತೆಯಲ್ಲಿ ನನ್ನನ್ನು ಕೊಂಡವಳು ಫಕೀರವ್ವ. ರವಿವಾರ ಬಂತೆಂದರೆ ನನ್ನಲ್ಲಿ ರಕ್ತಿ ಹುರಿಯುತ್ತಿದ್ದಳು: ಕುರಿಯ ಹೆಪ್ಪುಗಟ್ಟಿದ ರಕ್ತ, ಉಳ್ಳಾಗಡ್ಡಿ, ಖಾರ. ಮನೆಮಂದಿಯೆಲ್ಲ ಮೂಗು ಸುರಿಸುತ್ತ ತಿಂದು, ನನ್ನನ್ನು ತೊಳೆಯದೆ ಮಲಗುತ್ತಿದ್ದರು.

ಪಕ್ಕದ ಮನೆಯ ಸತ್ಯಮಿತ್ರ, ಎಸ್ತೇರಳ ಗಂಡ, ಒಂದು ದಿನ ಗೋಡೆಯಾಚೆಯಿಂದ ನನ್ನನ್ನು ಎರವಲು ಕೇಳಿದ. ಅವನ ಹೃದಯದ ಕವಾಟ ಕೆಟ್ಟಿತ್ತು. ಅವನ ಕ್ರೈಸ್ತ ಸಭೆಯವರು ಬೈಬಲಿನ ಆಜ್ಞೆಯೆಂದು ರಕ್ತ ತಿನ್ನುವುದಿಲ್ಲ, ಇನ್ನೊಬ್ಬರ ರಕ್ತ ಮೈಗೆ ಹಾಕಿಸಿಕೊಳ್ಳುವುದೂ ಇಲ್ಲ. ಬೇರೆಯವರ ರಕ್ತವಿಲ್ಲದೆಯೇ ಎದೆ ತೆರೆಯಲು ಒಬ್ಬ ಡಾಕ್ಟರು ಒಪ್ಪಿದ್ದರು. ಸೋರಿದ ರಕ್ತವನ್ನು ಯಂತ್ರದಲ್ಲಿ ಸೋಸಿ ಅವನಿಗೇ ತಿರುಗಿ ಕೊಡುತ್ತಾರಂತೆ. ಆದರೆ ಮೊದಲು ಹಿಮೋಗ್ಲೋಬಿನ್ ಹದಿಮೂರಕ್ಕೆ ಏರಬೇಕು. ಅದಕ್ಕೆ ಇಂಜೆಕ್ಷನ್ ಇತ್ತು, ಸೊಪ್ಪಿತ್ತು, ಅಡಿಗೆಗೆ ಕಬ್ಬಿಣ ಬಿಡುವ ನಾನಿದ್ದೆ. ಅವರ ಮನೆಯಲ್ಲಿದ್ದವು ನಾನ್‌ಸ್ಟಿಕ್ ಕರಿ ತವೆಗಳು. ನೋಡಲು ಕಬ್ಬಿಣ, ಮುಟ್ಟಿದರೆ ಬಣ್ಣ.

ಅವನ ಅಣ್ಣ ದಾನಿಯೇಲ ಬಂದು ಎದೆ ಬಡಿದುಕೊಂಡ. "ಬಾಟ್ಲಿಗಟ್ಟಲೆ ಕೊಡ್ತೀನೋ ನನ್ನ ರಕ್ತ. ನೀ ನನ್ನ ತಮ್ಮ ಅಲ್ಲೇನು?"

"ಒಂದ್ ಸಿವುಡು ರಾಜಗಿರಿ ತಂದ್ ಕೊಡಣ್ಣಾ, ಸಾಕು" ಎಂದ ಸತ್ಯಮಿತ್ರ.

ಸೊಪ್ಪು ಬರಲಿಲ್ಲ. ಬೇಡ ಎನ್ನುವವನ ಮುಂದೆ ರಕ್ತ ಬಲು ಅಗ್ಗ.

ಎಸ್ತೇರ ಕಾಲೇಜಿಗೆ ಪಾಠ ಹೇಳಲು ಹೋದಾಗ ಫಕೀರವ್ವ ಬಂದು ಅಡಿಗೆ ಮಾಡುತ್ತಿದ್ದಳು. ಅಂಕೆ ಇನ್ನೂ ಏರಿಲ್ಲ ಎಂದು ಕೇಳಿದ ಮರುದಿನ, ಸೆರಗಿನಡಿ ಡಬ್ಬಿ ತಂದು, ರಕ್ತಿಯನ್ನು ನುಣ್ಣಗೆ ಹಿಚುಕಿ ಪಲ್ಯಕ್ಕೆ ಬೆರೆಸಿದಳು. ಸತ್ಯಮಿತ್ರ ಒಂದು ತುತ್ತು ಬಾಯಿಗಿಟ್ಟು ಉಗುಳಿದ.

"ಏನ್ ಹಾಕೀರಿ ಅಕ್ಕಾ ಇದಕ್ಕ?"

"ಕುರೀದೋ ತಮ್ಮಾ. ಮಂದೀದೇನಲ್ಲ."

ಅವನು ಬೈಯಲಿಲ್ಲ. ನನ್ನನ್ನು ಹಿತ್ತಿಲಿಗೆ ಹೊತ್ತೊಯ್ದು ಹಂಡೆಯ ಒಲೆಯ ಬೂದಿಯಿಂದ ತಿಕ್ಕಿದ. ಉಸಿರು ಸಾಲದಾದಾಗ ಕಲ್ಲಿನ ಮೇಲೆ ಕೂತ, ಎದ್ದು ಮತ್ತೆ ತಿಕ್ಕಿದ. ಹುಚ್ಚ. ವರ್ಷಗಟ್ಟಲೆ ನನ್ನೊಳಗೆ ಇಳಿದದ್ದು ಬೂದಿಗೆ ಹೋಗುತ್ತದೆಯೇ? "ಎಸ್ತೇರಗ ಹೇಳಬ್ಯಾಡ್ರಿ, ನಿಮ್ಮ ಮ್ಯಾಲೆ ಸಿಟ್ಟಾಗ್ತಾಳ" ಎಂದ. ಮರುದಿನ ನನ್ನಲ್ಲೇ ಬೇಯಿಸಿ ಉಂಡ.

ಅಂಕೆ ಏರಿತು. ಹೊರಗಿನ ಒಂದು ಹನಿ ರಕ್ತವಿಲ್ಲದೆ ಆಪರೇಷನ್ ಆಯಿತು, ಕವಾಟ ಚೆನ್ನಾಗಿ ಕೂತಿತು. ಆಮೇಲೆ ಎದೆಯ ಗಾಯಕ್ಕೆ ನಂಜೇರಿತು. ಅವನನ್ನು ಕೊಂದದ್ದು ನಂಜು. ಆದರೆ ಮಣ್ಣಿಗೆ ಬಂದವರಿಗೆ ನಂಜು ರುಚಿಸಲಿಲ್ಲ. "ರಕ್ತ ತಗೊಂಡಿದ್ರ ಉಳೀತಿದ್ದ" ಎಂದು ದಾನಿಯೇಲ ಚಹಾ ಹೀರುತ್ತ ಹೇಳಿದ. ಎಲ್ಲರೂ ತಲೆದೂಗಿದರು. ಡಾಕ್ಟರು ಹೇಳಿದ್ದನ್ನು ಎಸ್ತೇರ ಒಮ್ಮೆ ಹೇಳಿದಳು. ಎರಡನೆಯ ಸಲ ಹೇಳಲಿಲ್ಲ.

ಇಸಕೊಂಡ ಪಾತ್ರೆಯನ್ನು ಬರಿದಾಗಿ ಮರಳಿಸುವ ರೂಢಿ ಈ ಓಣಿಯಲ್ಲಿಲ್ಲ. ಈ ಬೆಳಿಗ್ಗೆ ಅವಳು ನನ್ನನ್ನು ಪಲ್ಯದ ಸಮೇತ ಗೋಡೆಯ ಬಳಿ ತಂದಳು.

"ನಿಮ್ಮ ಬಾಂಡ್ಲಿ. ಅವ್ರು ಇಸಕೊಂಡಿದ್ರಲ್ಲ."

ಫಕೀರವ್ವ ನನ್ನನ್ನು ಹಿಡಿದು ಅತ್ತಳು. "ಒಂದಿನ ಇದರಾಗ ರಕ್ತಿ ಬೆರಸಿದ್ದೆ ಯವ್ವಾ. ಉಗುಳಿಬಿಟ್ಟ. ತಿಂದಿದ್ರ ಉಳೀತಿದ್ದನೇನೋ."

ಇವಳೂ ಅದೇ ಮಾತಿನವಳು.

ಎಸ್ತೇರ ನನ್ನ ಇನ್ನೊಂದು ಕಿವಿಯನ್ನು ಬಿಡಲಿಲ್ಲ. "ನಂಗ ಹೇಳಲಿಲ್ಲ ಅವ್ರು."

"ನೀ ನನ್ನ ಮ್ಯಾಲೆ ಸಿಟ್ಟಾಗ್ತಿ ಅಂದ."

ಎಸ್ತೇರಳ ಕೈ ಸಡಿಲಾಯಿತು. ನಾನು ಗೋಡೆ ದಾಟಿದೆ. ಫಕೀರವ್ವ ಕಣ್ಣೊರೆಸಿಕೊಂಡು, ಬೆರಳಿಂದ ಪಲ್ಯ ತೆಗೆದು ಬಾಯಿಗಿಟ್ಟಳು.

"ಉಪ್ಪ ಹಾಕೇ ಇಲ್ಲಲ್ಲವ್ವಾ."

"ಅವ್ರಿಗೆ ಉಪ್ಪ ಬ್ಯಾಡ ಅಂದಾರ ಡಾಕ್ಟರು" ಎಂದಳು ಎಸ್ತೇರ.