ನುಂಗಿದ ಕೆಮ್ಮು

ಮೊದಲು ಡೈರಿಗೆ ಮಾತ್ರ ಹೇಳಿಕೊಂಡಿದ್ದ ಸಂಗತಿ ಇದು: ಆ ಸಿನಿಮಾದ ಅರ್ಧ ಭಾಗ ನಾನು ಕಣ್ಣು ಮುಚ್ಚಿಕೊಂಡೇ ಕೂತಿದ್ದೆ. ಅದರ ವಿಮರ್ಶೆ ಬರೆಯಬೇಕಾದವಳು ನಾನೇ.

ವಾರಪತ್ರಿಕೆಯ ಸಂಪಾದಕರು ಮೊದಲೇ ಹೇಳಿದ್ದರು. "ಎರಡು ವಿಮರ್ಶೆ ಚೆನ್ನಾಗಿ ಬರೆದಿದ್ದೀಯಮ್ಮ. ಇದೊಂದು ಗೆದ್ದರೆ ಸಿನಿಮಾ ಪುಟ ನಿಂದೇ." ಪದವಿ ಮುಗಿಸಿ ಒಂದೂವರೆ ವರ್ಷ ಮನೆಯಲ್ಲಿ ಕೂತವಳಿಗೆ ಆ ಪುಟ ಎಷ್ಟು ಬೇಕಾಗಿತ್ತೆಂದರೆ, ದೆವ್ವ-ಭಯದ ಸಿನಿಮಾ ನನ್ನಿಂದಾಗದು ಎನ್ನಲು ನಾಲಿಗೆಯೇ ಹೊರಳಲಿಲ್ಲ.

ಇದರಲ್ಲಿ ದೆವ್ವವೇನೂ ಇರಲಿಲ್ಲ. ಒಂದು ವಸತಿ ಕಟ್ಟಡಕ್ಕೆ ಅಂಟುರೋಗ ಬಡಿದು, ಹೊರಗಿನಿಂದ ಬೀಗ ಬೀಳುತ್ತದೆ. ಮೂರನೇ ಮಹಡಿಯ ಹುಡುಗಿಯೊಬ್ಬಳು ಎಲ್ಲವನ್ನೂ ಚಿತ್ರೀಕರಿಸುತ್ತಾಳೆ. ಎಲ್ಲರೂ ಸತ್ತ ಮೇಲೆ ಸಿಕ್ಕ ಅವಳ ಕ್ಯಾಮೆರಾದಲ್ಲಿ ಇದ್ದದ್ದೇ ಈ ಸಿನಿಮಾ. ಅವಳ ಮುಖ ಒಮ್ಮೆಯೂ ಕಾಣುವುದಿಲ್ಲ, ದನಿ ಮಾತ್ರ. ಮೊದಲು ಹಾಸಿಗೆ ಹಿಡಿಯುವವನು ಕಾವಲುಗಾರ. ರೋಗ ತಂದವನು ಅವನೇ ಎಂದು ಕಟ್ಟಡದವರೆಲ್ಲ ಸೇರಿ ಅವನನ್ನು ಮೀಟರ್ ಕೋಣೆಗೆ ತಳ್ಳಿ ಚಿಲಕ ಹಾಕುತ್ತಾರೆ.

ಅಲ್ಲಿಂದ ಮುಂದೆ ನಾನು ನೋಡಿಲ್ಲ. ಕಿವಿಗೇನು ರೆಪ್ಪೆ ಇದೆಯೇ? ಕಿರುಚಾಟದ ನಡುವೆ ಒಂದು ಸಣ್ಣ ಸದ್ದು ಕೇಳಿಸಿತು, ತೀರಾ ಹತ್ತಿರದಿಂದ, ಬಾಯಿಗೆ ಬರುವ ಮೊದಲೇ ಯಾರೋ ಅದುಮಿಟ್ಟಂತೆ. ಇದು ಮೊದಲಿನಿಂದಲೂ ಇತ್ತೇ? ರಾತ್ರಿಯಿಡೀ ಈ ಪ್ರಶ್ನೆ ಹುಳುವಿನಂತೆ ಕೊರೆಯಿತು. ಮರುದಿನ ಮಧ್ಯಾಹ್ನದ ಆಟಕ್ಕೆ ಅಕ್ಕನನ್ನು ಎಳೆದುಕೊಂಡು ಹೋದೆ. ಅಕ್ಕ ಆಸ್ಪತ್ರೆಯಲ್ಲಿ ನರ್ಸ್. ಈ ಸಲ ಕೇಳಬೇಕೆಂದೇ, ಹೆಸರುಗಳು ಬರುವಾಗಲೇ ಕಣ್ಣು ಮುಚ್ಚಿದೆ.

"ದುಡ್ಡು ಕೊಟ್ಟು ಕತ್ತಲೆ ನೋಡೋಕೆ ಬಂದಿದೀಯೇನೇ?" ಅಕ್ಕ ಮೊಣಕೈಯಿಂದ ತಿವಿದಳು.

"ಸುಮ್ನಿರೇ. ಈಗ ಏನು ನಡೀತಿದೆ?"

"ಯಾರದೋ ಹುಟ್ಟುಹಬ್ಬ. ಕಾವಲುಗಾರ ಕುರ್ಚಿ ಹೊರ್ತಿದಾನೆ. ಗುಂಡುಕಲ್ಲಿನ ಥರ ಇದಾನೆ, ಶೀತ-ಜ್ವರ ಏನೂ ಇಲ್ಲ."

"ಹಾಗಾದ್ರೆ ಈ ಸದ್ದು ಯಾರದು? ಈಗ ಬಂತಲ್ಲ... ನೋಡು, ಮತ್ತೆ!"

ಅಕ್ಕ ಜಗಿಯುವುದನ್ನು ನಿಲ್ಲಿಸಿದ್ದು ಕೇಳಿಸಿತು. "ಕೆಮ್ಮು ಕಣೇ ಅದು. ನುಂಗಿದ ಕೆಮ್ಮು. ವಾರ್ಡಿಗೆ ಬರೋ ನೆಂಟರೆಲ್ಲ ಹೀಗೇ ನುಂಗ್ತಾರೆ, ಕೆಮ್ಮಿದ್ರೆ ನಾನು ಒಳಗೆ ಬಿಡಲ್ಲ ಅಂತ." ಆಮೇಲೆ ನನ್ನ ಕೈ ಹಿಡಿದುಕೊಂಡಳು. "ಅಯ್ಯೋ, ಪರದೆ ಮೇಲೆ ಯಾರೂ ಕೆಮ್ತಿಲ್ಲ, ಚಿತ್ರ ತೆಗೀತಿರೋಳೇ ಕೆಮ್ತಿರೋದು!"

ಅಂದು ಸಂಜೆಯೇ ವಿಮರ್ಶೆ ಮುಗಿಸಿದೆ. ನಡುವೆ ಒಂದು ಸಾಲು ಬರೆದಿದ್ದೆ: "ಮೊದಲು ಕೆಮ್ಮು ಹಿಡಿದವಳೇ ಕ್ಯಾಮೆರಾ ಹಿಡಿದಿದ್ದಾಳೆ, ಅದಕ್ಕೇ ನಮ್ಮ ಕಣ್ಣೆಲ್ಲ ಕಾವಲುಗಾರನ ಮೇಲೆ."

ಸಂಪಾದಕರು ಆ ಸಾಲಿನ ಮೇಲೆಯೇ ಕೆಂಪು ಪೆನ್ನು ಇಟ್ಟರು. "ಇದೇನಮ್ಮ ಹೊಸ ಪುರಾಣ? ರೋಗ ತಂದವನು ಕಾವಲುಗಾರ ಅಂತ ಎಲ್ಲ ಪತ್ರಿಕೆಯವರೂ ಬರೆದಿದ್ದಾರೆ. ಇದೊಂದು ಹೊಡೆದುಹಾಕ್ತೀನಿ. ಮಿಕ್ಕಿದ್ದು ಬೊಂಬಾಟ್. ಪುಟ ನಿಂದೇ ಅಂತ ಇಟ್ಕೋ."

ತಲೆಯಾಡಿಸಿದ್ದರೆ ಮುಗಿದುಹೋಗುತ್ತಿತ್ತು. ತಲೆಯಾಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಪೆನ್ನು ಆ ಸಾಲು ಹೊಡೆಯಲು ಹೊರಟಿತು. ಮೀಟರ್ ಕೋಣೆಯ ಬಾಗಿಲು ಬಡಿಯುತ್ತಿದ್ದ ಆ ಮನುಷ್ಯನ ನೆನಪಾಯಿತು.

"ಬೇಡ ಸರ್."

"ಅಬ್ಬಾ, ಮುತ್ತು ಉದುರಿತು!" ಅವರು ನಕ್ಕು ಕನ್ನಡಕ ತೆಗೆದರು. "ಯಾಕೆ ಬೇಡ? ಅವಳು ಕೆಮ್ಮಿದ್ದು ನಾನು ನೋಡಿಲ್ಲ, ಯಾರೂ ನೋಡಿಲ್ಲ. ನೀನು ನೋಡಿದ್ಯಾ?"

ನೋಡಿದೆ ಎಂದರೆ ಸಾಲೂ ಉಳಿಯುತ್ತಿತ್ತು, ಪುಟವೂ ಸಿಗುತ್ತಿತ್ತು.

"ಇಲ್ಲ ಸರ್," ಎಂದೆ. ನನ್ನ ದನಿ ನನಗೇ ಜೋರೆನಿಸಿತು. "ಹೆದರಿ ಕಣ್ಣು ಮುಚ್ಕೊಂಡಿದ್ದೆ. ಅದಕ್ಕೇ ಕೇಳಿಸ್ತು."