ವಜ್ರಾಂಗದ ಹೆಸರು, ಮಾಬೂಸಾಬನ ಹೂಂ

“ಒಂದ್ ಹೂಂ ಅನ್ನಾಕ ನಿನ್ನ ಗಂಟಲಾಗ ಏನ್ ಮುಳ್ಳ ಸಿಕ್ಕೊಂಡೈತೇನೋ?”

“ಸಿಕ್ಕೊಂಡೈತಿ ಅನ್ಕೋರ್ರಿ ಸಾವ್ಕಾರ್ರ. ಈ ಗಾಡಿಗೆ ನಾ ಹೂಂ ಅನ್ನಂಗಿಲ್ಲ.”

“ಗಾಡಿ ನಂದು. ಮಾರಾವ ನಾನು. ತಗೊಳ್ಳಾವ ದ್ಯಾಮಣ್ಣ. ನಡುವ ನಿಂದೇನ ಕಿತಾಪತಿ?”

“ಹಂಗಾರ ಮಾರ್ಕೋರಿ. ನನ್ನ ಬಾಯಿ ಯಾಕ ಬೇಕು ನಿಮಗ?”

ಚನ್ನವೀರಪ್ಪ ಸಾವ್ಕಾರ ಕೈ ಎತ್ತಿದ. ಎದುರಿಗಿದ್ದ ಮೇಸ್ತ್ರಿ ಮಾಬೂಸಾಬನನ್ನು ಹೊಡೆಯುವಂತಿರಲಿಲ್ಲ. ನನ್ನ ಬಾನೆಟ್ಟಿಗೆ ಗುದ್ದಿದ. ಮನುಷ್ಯರ ಸಿಟ್ಟು ಯಾವಾಗಲೂ ಹೀಗೆಯೇ, ತಿರುಗಿ ಹೊಡೆಯದವರ ಮೇಲೆ ಇಳಿಯುತ್ತದೆ.

ನಾನು ಒಂದು ಕಾರು. ವಜ್ರಾಂಗ ಕಂಪನಿಯದು, ಕೆನೆಬಣ್ಣದ್ದು. ಈ ಜಗಳ ನಡೆದದ್ದು ಬ್ಯಾಡಗಿಯಲ್ಲಿ, ಮಾಬೂಸಾಬನ ಗ್ಯಾರೇಜಿನ ಹಿತ್ತಿಲಲ್ಲಿ. ಆ ಊರಿನಲ್ಲಿ ಹಳೇ ಗಾಡಿ ಕೈ ಬದಲಾಯಿಸಬೇಕಾದರೆ ಒಂದು ಪದ್ಧತಿ ಉಂಟು. ಕೊಡುವವನು, ಕೊಳ್ಳುವವನು ಇಬ್ಬರೂ ನಿಂತಿರಬೇಕು. ಮಾಬೂಸಾಬ ಗಾಡಿಯಲ್ಲಿ ಕೂತು, ಚಾಲೂ ಮಾಡಿ, ಕಣ್ಣು ಮುಚ್ಚಿ ಅದರ ಸದ್ದು ಕೇಳುತ್ತಾನೆ. ಕೆಳಗಿಳಿದು “ಹೂಂ” ಅನ್ನುತ್ತಾನೆ. ಅವನು ಹೂಂ ಅಂದರೆ ವ್ಯಾಪಾರ ಮುಗಿಯಿತು. ಅನ್ನದಿದ್ದರೆ ಆ ಗಾಡಿಯನ್ನು ಊರಿನಲ್ಲಿ ಯಾರೂ ಮುಟ್ಟುವುದಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವನ ಹೂಂ ಒಮ್ಮೆಯೂ ಸುಳ್ಳಾಗಿರಲಿಲ್ಲ.

ನನ್ನಿಂದ ಅದು ಸುಳ್ಳಾಯಿತು. ಅದನ್ನೇ ಹೇಳಲು ಕೂತಿದ್ದೇನೆ.

ನಾನು ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ಮೊದಲು ಬರೀ ತಗಡಾಗಿದ್ದೆ. ಒತ್ತಿದರು, ಬಾಗಿಸಿದರು, ಬೆಸೆದರು, ಬಣ್ಣ ಹೊಡೆದರು. ಬ್ರೇಕಿನ ಎಣ್ಣೆ ಸೋರದಂತೆ ತಡೆದು ಹಿಡಿಯಲು ಪೆಡಲಿನ ಮುಂದೆ ಹೆಬ್ಬೆರಳಿನಷ್ಟು ಗಾತ್ರದ ಒಂದು ರಬ್ಬರ್ ಬಿಲ್ಲೆ ಇರುತ್ತದೆ. ಅದನ್ನು ಕೂರಿಸುತ್ತಿದ್ದವನು ಎರಡು ಬೆರಳಲ್ಲಿ ಹಿಸುಕಿ ನೋಡಿ, “ಈ ಸಲದ ರಬ್ಬರ್ ಮೆತ್ತಗಿದೆ, ಬಿಸಿ ತಡೆಯಲ್ಲ” ಅಂದ. ಪಕ್ಕದವನು ತಲೆ ಎತ್ತಲೂ ಇಲ್ಲ. “ಹಾಕು ಮಾರಾಯ. ವಜ್ರಾಂಗ ಅಂತ ಮುಂದೆ ಬರೆದಿರುತ್ತಲ್ಲ, ಓಡುತ್ತೆ.” ನನ್ನ ಹಣೆಯ ಮೇಲೆ ಹೊಳೆಯುವ ಅಕ್ಷರ ಕೂರಿಸಿದರು. ಅವನ್ನು ಮಾತ್ರ ಆರು ಸ್ಕ್ರೂ ಹಾಕಿ ಬಿಗಿದರು.

ಷೋರೂಮಿಗೆ ಬಂದೆ. ಅಲ್ಲಿ ಗೋಡೆ ತುಂಬ ದೊಡ್ಡದಾಗಿ ಬರೆದಿತ್ತು: ಒಮ್ಮೆ ಕೊಳ್ಳಿ, ಮೊಮ್ಮಕ್ಕಳಿಗೂ ಉಳಿಯುತ್ತದೆ.

ಚನ್ನವೀರಪ್ಪ ಮೆಣಸಿನಕಾಯಿ ದಲಾಲಿ. ಪೇಟೆಯಲ್ಲಿ ಅವನಷ್ಟು ಜಾಣ ಇನ್ನೊಬ್ಬನಿಲ್ಲ. ಚೀಲದ ಬಾಯಿಯಲ್ಲಿ ಎಷ್ಟೇ ಕೆಂಪು ಕಾಯಿ ತೋರಿಸಿದರೂ ನಂಬುವವನಲ್ಲ. ಮೊಣಕೈತನಕ ಕೈ ತೂರಿಸಿ ತಳದ ಕಾಯಿ ಎಳೆದು, ಮುರಿದು, ಮೂಸಿ ಆಮೇಲೆ ಧಾರಣೆ ಹೇಳುವವನು. ಅಂಥವನು ನನ್ನ ಸುತ್ತ ಒಂದು ಸುತ್ತು ಸಹ ಹಾಕಲಿಲ್ಲ. “ವಜ್ರಾಂಗ ಐತಲ್ಲ, ನೋಡೂದೇನೈತಿ?” ಅಂದ. ನಿಂಬೆಹಣ್ಣು ಗಾಲಿಗೆ ಕೊಟ್ಟು ಮನೆಗೆ ಕರೆತಂದ. ಪೇಟೆಯಲ್ಲಿ ನಿಂತು ಕಂಡವರಿಗೆಲ್ಲ ಹೇಳಿದ, “ತಗೊಂಡ್ರ ವಜ್ರಾಂಗನ ತಗೋರಿ.” ಅವನ ಮಾತಿಗೆ ಆರು ಮಂದಿ ತಗೊಂಡರು. ಅವರನ್ನು ನೋಡಿ ಇನ್ನೂ ಏಳು ಮಂದಿ. ಊರಿನಲ್ಲಿ ಒಟ್ಟು ಹದಿನಾಲ್ಕು ವಜ್ರಾಂಗಗಳಾದೆವು.

ಅಮಾವಾಸ್ಯೆ ಬಂದರೆ ಹದಿನಾಲ್ಕೂ ಗಾಡಿ ಬಸವಣ್ಣನ ಗುಡಿಯ ಬಯಲಿನಲ್ಲಿ ಸಾಲಾಗಿ ನಿಲ್ಲುತ್ತಿದ್ದೆವು. ವಿಭೂತಿ ಪಟ್ಟಿ, ಕುಂಕುಮ, ಚೆಂಡುಹೂವಿನ ಮಾಲೆ. ಕಾಯಿ ಒಡೆದು, ಮಾಲೀಕರೆಲ್ಲ ಒಬ್ಬರಿಗೊಬ್ಬರು ಕೇಳಿಸುವ ಹಾಗೆ ಹೊಗಳುತ್ತಿದ್ದರು.

ಹತ್ತನೆಯ ತಿಂಗಳಲ್ಲಿ ಕರಿಗುಡ್ಡದ ಇಳಿಜಾರಿನಲ್ಲಿ ನನ್ನ ಬ್ರೇಕು ಹೋಯಿತು. ಚನ್ನವೀರಪ್ಪ ಪೆಡಲು ಒತ್ತಿದ. ಅದು ಹಿಟ್ಟಿನೊಳಗೆ ಕಾಲಿಟ್ಟ ಹಾಗೆ ನೆಲಕ್ಕಿಳಿಯಿತು. ಪಕ್ಕದಲ್ಲಿದ್ದ ಹೆಂಡತಿ ಸುಮಂಗಲಾ ಚೀರಲಿಲ್ಲ. ಎರಡು ಕೈಯಲ್ಲೂ ಮುಂದಿನ ಹಲಗೆ ಹಿಡಿದು ಕಣ್ಣು ಮುಚ್ಚಿಕೊಂಡಳು. ಗೇರು ಇಳಿಸಿ, ಕೈಬ್ರೇಕು ಎಳೆದು, ಮಣ್ಣಿನ ದಿಬ್ಬಕ್ಕೆ ತಿಕ್ಕಿಸಿ ಹೇಗೋ ನಿಲ್ಲಿಸಿದ. ಉಸಿರು ಬಂದ ಮೇಲೆ ಅವಳು ಅಂದಳು, “ಈ ಹಾಳಾದ್ದನ್ನ ಮೊದಲ ಷೋರೂಮಿಗೆ ಒಗದು ಬರ್ರಿ.”

“ಸಾವಕಾಶ ಮಾತಾಡು. ಮಂದಿ ಕೇಳ್ಯಾರು.”

ಸುತ್ತ ಎರಡು ಮೈಲಿ ಒಂದು ನರಪಿಳ್ಳೆ ಇರಲಿಲ್ಲ.

ಗೇರಿನಲ್ಲೇ ಮೆಲ್ಲಗೆ ಷೋರೂಮಿಗೆ ಮುಟ್ಟಿದೆವು. ಅಲ್ಲಿಯವನು ಬ್ರೇಕಿಗೆ ಎಣ್ಣೆ ತುಂಬಿಸಿ ನಗುತ್ತ ಬಂದ. “ವಜ್ರಾಂಗದಾಗ ಆ ಕಂಪ್ಲೇಂಟ್ ಬರೂದ ಇಲ್ಲ ಸರ್. ನೀವು ಬ್ರೇಕಿನ ಮ್ಯಾಲ ಕಾಲಿಟ್ಕೊಂಡ ಓಡಸ್ತೀರಿ.”

“ಇಪ್ಪತ್ತೈದು ವರ್ಷ ಆತು ನಾ ಗಾಡಿ ಓಡಸಾಕ ಹತ್ತಿ!”

“ಹಂಗಾರ ಇಪ್ಪತ್ತೈದು ವರ್ಷದಿಂದ ತಪ್ಪ ಓಡಸಾಕತ್ತೀರಿ ಸರ್.”

ಅವತ್ತು ದಾರಿಯುದ್ದಕ್ಕೂ ಗಾಜು ಏರಿಸಿಕೊಂಡು ಚನ್ನವೀರಪ್ಪ ಕಂಪನಿಯ ಏಳು ತಲೆಮಾರಿಗೂ ಬೈದ. ಪೇಟೆಯ ಬಾಗಿಲು ಬಂತು. ಗಾಜು ಇಳಿಸಿದ. “ಹೆಂಗೈತ್ರಿ ವಜ್ರಾಂಗ?” ಎಂದು ಯಾರೋ ಕೇಳಿದರು. “ಒಂದ ದಿನ ಕೈ ಕೊಟ್ಟಿಲ್ಲ ನೋಡಪಾ” ಅಂದ. ಸಿಟ್ಟಿನಿಂದ ನನ್ನ ಎಂಜಿನ್ ಉರಿಯಿತು. ಎಷ್ಟು ಹೊತ್ತಾಗಿತ್ತು ಆ ದಿಬ್ಬದ ಮಣ್ಣು ನನ್ನ ಬಾಗಿಲಿಗೆ ಮೆತ್ತಿ? ಇನ್ನೂ ಹಸಿಯಾಗಿತ್ತು! ಆದರೆ ತಳದ ಕಾಯಿ ನೋಡುವ ದಲಾಲಿ ಬಣ್ಣ ನೋಡಿ ಮೋಸಹೋದ ಅಂತ ಪೇಟೆ ನಗುವುದಕ್ಕಿಂತ ಸಾಯುವುದೇ ಅವನಿಗೆ ಲೇಸು ಅನಿಸಿರಬೇಕು.

ಅವನು ನನ್ನನ್ನು ಮಾಬೂಸಾಬನ ಹತ್ತಿರ ತಂದ. ಮುಂಬಾಗಿಲಿನಿಂದಲ್ಲ, ಹಿತ್ತಿಲಿನಿಂದ. ತನ್ನ ಕೈ ಮೇಲೆ ಅವನ ಕೈ ಇಡಿಸಿಕೊಂಡು ಭಾಷೆ ತಗೊಂಡ. “ಯಾರಿಗೂ ಹೇಳಬ್ಯಾಡ ಮಾಬು.” “ಹೇಳಂಗಿಲ್ರಿ” ಅಂದ ಅವನು. ಬಿಲ್ಲೆ ಬದಲಿಸಿದ, ಎಣ್ಣೆ ತುಂಬಿದ, ಗಾಳಿ ತೆಗೆದ. ಆದರೆ ಕಂಪನಿ ಕಳಿಸುವ ಬಿಲ್ಲೆಗಳೆಲ್ಲ ಅದೇ ಮೆತ್ತನೆಯವು. “ಹದಿನೈದು ದಿನಕ್ಕೊಮ್ಮೆ ತಂದು ತೋರಸ್ರಿ, ಹೆಂಗೋ ಓಡಸೂಣು” ಅಂದ.

ರಿಪೇರಿಗೆಂದು ತಾಡಪತ್ರಿ ಹೊದಿಸಿ ನನ್ನನ್ನು ಅಲ್ಲೇ ಬಿಟ್ಟ ದಿನಗಳಲ್ಲಿ ಒಂದು ವಿಷಯ ತಿಳಿದುಕೊಂಡೆ. ಆ ಹಿತ್ತಿಲಿಗೆ ಪಟ್ಟಣಶೆಟ್ಟಿಯ ವಜ್ರಾಂಗವೂ ಬರುತ್ತಿತ್ತು. ಎಣ್ಣೆಗಾಣದ ಹಾವೇರಿಶೆಟ್ಟಿಯದೂ, ವಕೀಲ ಗುಂಜಾಳನದೂ, ಎಲ್ಲರದೂ. ಒಬ್ಬರು ಬರುವ ಹೊತ್ತಿಗೆ ಇನ್ನೊಬ್ಬರು ಬರದ ಹಾಗೆ ಮಾಬೂಸಾಬನೇ ದಿನ ಗೊತ್ತು ಮಾಡಿದ್ದ. ಎಲ್ಲರ ಬಾಯಲ್ಲೂ ಒಂದೇ ಮಾತು: “ನಂದೊಂದ ಗಾಡಿ ಹಿಂಗಾಗೈತಿ ನೋಡು. ನನ್ನ ನಸೀಬ ಖೊಟ್ಟಿ. ಯಾರ ಮುಂದೂ ಅನ್ನಬ್ಯಾಡ.” ಹದಿನಾಲ್ಕು ಕೈ, ಹದಿನಾಲ್ಕು ಭಾಷೆ. ಹದಿನಾಲ್ಕರಲ್ಲೂ ಒಂದೇ ರೋಗ ಎಂದು ತಿಳಿದಿದ್ದವನು ಅವನೊಬ್ಬನೇ. ಅವನ ಬಾಯಿಗೆ ಎಲ್ಲರೂ ಸೇರಿ ಬೀಗ ಹಾಕಿದ್ದರು.

ಮೂರು ವರ್ಷ ಹೀಗೆ ಕಳೆಯಿತು. ಆಮೇಲೆ ಚನ್ನವೀರಪ್ಪ ನನ್ನನ್ನು ಮಾರಲು ಹೊರಟ. ಕೊಳ್ಳಲು ಬಂದವನು ಬ್ಯಾಂಡ್ ಮಾಸ್ತರ ದ್ಯಾಮಣ್ಣ. ಮದುವೆ ಮೆರವಣಿಗೆಗೆ ಬಾರಿಸುವ ಐದು ಜನರ ಮೇಳ ಅವನದು. ಡೋಲು ತಲೆಯ ಮೇಲೆ ಹೊತ್ತು ಬಸ್ಸಿನಲ್ಲಿ ನಿಂತು ನಿಂತು ಸಾಕಾಗಿತ್ತು. ಅವನ ತಮ್ಮ ಮೈಲಾರಿ ಕ್ಲಾರಿನೆಟ್ ಊದಿದರೆ ಬೀಗರು ಊಟದ ಎಲೆ ಬಿಟ್ಟು ಹೊರಗೆ ಬರುತ್ತಿದ್ದರಂತೆ.

ಮೊದಲಿಗೆ ಹೇಳಿದ ಜಗಳ ಆಗ ನಡೆದದ್ದು. ಬಾನೆಟ್ಟಿಗೆ ಗುದ್ದಿದ ಮೇಲೆ ಚನ್ನವೀರಪ್ಪ ದನಿ ತಗ್ಗಿಸಿದ. ತಗ್ಗಿದ ದನಿಯೇ ಹೆಚ್ಚು ಹರಿತವಾಗಿತ್ತು.

“ಮಾಬು, ನನ್ನ ಕೈ ಮ್ಯಾಲ ಕೈ ಇಟ್ಟಿದ್ದಿ. ಯಾರಿಗೂ ಹೇಳಂಗಿಲ್ಲ ಅಂದಿದ್ದಿ. ಈಗ ನೀ ಹೂಂ ಅನ್ನದಿದ್ರ ಅದು ಹೇಳಿದಂಗ ಅಲ್ಲೇನು? ನಿನ್ನ ಭಾಷೀದ ಅವಧಿ ಮೂರ ವರ್ಷಕ್ಕ ಮುಗೀತೇನು?”

ಮಾಬೂಸಾಬ ಕೈಯ ಎಣ್ಣೆ ಒರೆಸಿಕೊಂಡ. ಹೇಳಿದರೆ ಕೊಟ್ಟ ಮಾತು ಮುರಿಯುತ್ತದೆ, ಹೇಳದಿದ್ದರೆ ಹೂಂ ಸುಳ್ಳಾಗುತ್ತದೆ. ಕೊನೆಗೆ ತಾನೇ ಒಂದು ದಾರಿ ಮಾಡಿಕೊಂಡ. ಆ ಬೆಳಿಗ್ಗೆ ನನ್ನ ಬ್ರೇಕನ್ನು ಹೊಸದರಂತೆ ಮಾಡಿದ. ದ್ಯಾಮಣ್ಣ ಬಂದ. ಮಾಬೂಸಾಬ ಕೂತ, ಕೇಳಿದ, ಇಳಿದ. ನೆಲ ನೋಡುತ್ತ “ಹೂಂ” ಅಂದ. ಕೂಡಲೇ ದ್ಯಾಮಣ್ಣನ ತೋಳು ಹಿಡಿದುಕೊಂಡ.

“ಮಾಸ್ತರ, ಹದಿನೈದು ದಿನಕ್ಕೊಮ್ಮೆ ತಪ್ಪದ ನನ್ನ ಕಡೆ ತಗೊಂಡ ಬಾ. ರೊಕ್ಕ ಬ್ಯಾಡ. ಬರೇ ತಗೊಂಡ ಬಾ.”

ದ್ಯಾಮಣ್ಣ ನಕ್ಕುಬಿಟ್ಟ. “ಯಾಕಪಾ, ವಜ್ರಾಂಗ ಐತಿ ಇದು! ದವಾಖಾನಿಗೆ ಹೋಗಾಕ ಇದೇನ್ ಬಸರಿ ಹೆಂಗಸ?”

ನಾನು ಕೂಗಿಕೊಳ್ಳಬೇಕೆಂದೆ. ಯಾರೂ ಒತ್ತದೆ ಹಾರನ್ನು ಕೂಗುವುದಿಲ್ಲ.

ಮದುವೆಯ ಸುಗ್ಗಿ. ಹದಿನೈದು ದಿನವಾಯಿತು, ದ್ಯಾಮಣ್ಣ ಹೋಗಲಿಲ್ಲ. ತಿಂಗಳಾಯಿತು, ಹೋಗಲಿಲ್ಲ. ಮಾಬೂಸಾಬ ಎರಡು ಸಲ ಅವನ ಮನೆಗೇ ಬಂದ. ಎರಡು ಸಲವೂ ನಾವು ಮದುವೆಗೆ ಹೋಗಿದ್ದೆವು. ನನಗೆ ಮಾತ್ರ ಪ್ರತಿದಿನ ಪೆಡಲು ಒಂದು ಬೆರಳು, ಅರ್ಧ ಬೆರಳು ಕೆಳಗಿಳಿಯುವುದು ಗೊತ್ತಾಗುತ್ತಿತ್ತು.

ಒಂದು ಸೋಮವಾರ ಮಧ್ಯಾಹ್ನ, ಐದು ಜನ, ಮೇಲೆ ಡೋಲು. ಮೈಲಾರಿ ಬಲಗಡೆಯ ಕಿಟಕಿಯಿಂದ ಕೈ ಹೊರಗಿಟ್ಟು ನನ್ನ ಮೈ ಮೇಲೆ ತಾಳ ಹಾಕುತ್ತಿದ್ದ. ಕರಿಗುಡ್ಡದ ಇಳಿಜಾರು. ಮುಂದೆ ಮೆಲ್ಲಗೆ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರು. ದ್ಯಾಮಣ್ಣ ಒತ್ತಿದ. ಪೆಡಲು ನೆಲಕ್ಕೆ ಹೋಯಿತು. “ಬ್ರೇಕ್ ಹಿಡೀವಲ್ದೋ!” ಎಂದು ಕೂಗಿ ಬಲಕ್ಕೆ ಎಳೆದ. ಟ್ರ್ಯಾಕ್ಟರು ತಪ್ಪಿತು, ಸೇತುವೆಯ ಕಲ್ಲು ತಪ್ಪಲಿಲ್ಲ. ಕಲ್ಲಿಗೂ ನನ್ನ ಬಾಗಿಲಿಗೂ ನಡುವೆ ಮೈಲಾರಿಯ ಕೈ ಸಿಕ್ಕಿತು. ಜೀವ ಎಲ್ಲರದೂ ಉಳಿಯಿತು. ಮೈಲಾರಿಯ ಬಲಗೈಯ ಮೂರು ಬೆರಳು ಉಳಿಯಲಿಲ್ಲ.

ಎಳೆದು ತಂದು ನನ್ನನ್ನು ಮಾಬೂಸಾಬನ ಗ್ಯಾರೇಜಿನ ಮುಂದೆ ಬಿಟ್ಟರು. ಅವನು ಬಾಗಿಲಿನ ತಗಡಿನಲ್ಲಿ ಒಣಗಿದ್ದ ರಕ್ತ ನೋಡಿದ. ಅಂಗೈ ಇಟ್ಟ, ತೆಗೆದ. ಆ ದಿನ ಯಾವ ಗಾಡಿಯನ್ನೂ ಮುಟ್ಟಲಿಲ್ಲ.

ನಾಲ್ಕನೆಯ ದಿನ ಅಮಾವಾಸ್ಯೆ. ಗ್ಯಾರೇಜಿನ ಎದುರಿಗೇ ಗುಡಿಯ ಬಯಲು. ಹದಿಮೂರು ವಜ್ರಾಂಗಗಳು ಹೂ ಮುಡಿದು ನಿಂತಿದ್ದವು. ಚನ್ನವೀರಪ್ಪನಿಗೆ ಈಗ ಗಾಡಿ ಇರಲಿಲ್ಲ, ಆದರೂ ಬಂದಿದ್ದ. ದ್ಯಾಮಣ್ಣನೂ ದೂರದಲ್ಲಿ ಟವೆಲು ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಪಟ್ಟಣಶೆಟ್ಟಿ ಕಾಯಿ ಒಡೆಯುತ್ತ ಹೇಳಿದ, “ಗಾಡಿ ಎಂಥದಿದ್ರೇನು, ಓಡಸಾಕ ಬರಬೇಕು. ಬ್ಯಾಂಡ್ ಬಾರಿಸಿದಂಗ ಅಲ್ಲ ಅದು.” ನಾಲ್ಕೈದು ಮಂದಿ ನಕ್ಕರು.

ಮಾಬೂಸಾಬ ನಡುಬಯಲಿಗೆ ಬಂದು ನಿಂತ.

“ದ್ಯಾಮಣ್ಣನ ತಪ್ಪಿಲ್ಲ. ನಾ ಸುಳ್ಳ ಹೂಂ ಅಂದೆ. ಆ ಗಾಡಿ ಬ್ರೇಕಿಗೆ ರೋಗ ಐತಿ. ಅದಕ್ಕೊಂದಕ್ಕ ಅಲ್ಲ, ಇಲ್ಲಿ ನಿಂತಾವಲ್ಲ, ಹದಿಮೂರಕ್ಕೂ ಐತಿ. ನೀವೆಲ್ಲಾರೂ ಒಟ್ಟಾಗಿ ಹೋಗಿ ಕಂಪನಿಯಾಂವನ ಕುತ್ತಿಗಿ ಹಿಡೀರಿ. ಇಲ್ಲಾಂದ್ರ ಇನ್ನೊಬ್ಬರ ಕೈ ಹೋಗತೈತಿ.”

ಒಬ್ಬರು ಇನ್ನೊಬ್ಬರ ಗಾಡಿ ನೋಡಿದರು. ಆ ಒಂದು ಕ್ಷಣ ನಾನು ನಂಬಿದೆ, ಈಗ ಯಾರಾದರೂ “ಹೌದು, ನಂದೂ ಹಂಗ” ಅನ್ನುತ್ತಾರೆ. ಒಬ್ಬ ಅಂದರೆ ಸಾಕಿತ್ತು.

“ನನ್ನ ಗಾಡಿಗೇನಾಗೇತೋ?” ಎಂದ ಪಟ್ಟಣಶೆಟ್ಟಿ.

“ಹೋದ ಬುಧವಾರ ಹಿತ್ತಲದಾಗ ಬಂದಿದ್ರಿ. ಎಣ್ಣಿ ತುಂಬಿದ್ನಿ.”

“ಬುಧವಾರ ನಾ ಊರಾಗ ಇರಲಿಲ್ಲ.”

“ವಕೀಲ್ರ, ನೀವರ ಹೇಳ್ರಿ.”

ವಕೀಲ ಗುಂಜಾಳ ಚಷ್ಮಾ ಒರೆಸಿಕೊಂಡ. “ಸಾಕ್ಷಿ ಏನೈತಿ ನಿನ್ನ ಹಂತ್ಯಾಕ?”

ಮಾಬೂಸಾಬ ಚನ್ನವೀರಪ್ಪನ ಕಡೆ ತಿರುಗಿದ. ಚನ್ನವೀರಪ್ಪ ಹೆಗಲ ಶಾಲು ಸರಿಮಾಡಿಕೊಂಡ. “ಮೂರ ವರ್ಷ ಓಡಸೀನಿ. ಒಂದ ದಿನ ಕೈ ಕೊಟ್ಟಿಲ್ಲ” ಅಂದ. ಅನ್ನುವಾಗ ನನ್ನ ಕಡೆ ನೋಡಲಿಲ್ಲ.

“ಅವತ್ತ ಹೂಂ ಅಂದಾವ ನೀನ, ಇವತ್ತ ಇಲ್ಲ ಅನ್ನಾವನೂ ನೀನ,” ಎಂದ ಪಟ್ಟಣಶೆಟ್ಟಿ. “ಯಾವ ಮಾಬೂಸಾಬನ್ನ ನಂಬಬೇಕಪಾ ನಾವು?”

ಮಾಬೂಸಾಬ ದ್ಯಾಮಣ್ಣನ ಮುಂದೆ ಹೋಗಿ ನಿಂತ. ದ್ಯಾಮಣ್ಣ ಮುಖ ತಿರುಗಿಸಿದ. ಮಾಬೂಸಾಬ ಗ್ಯಾರೇಜಿನೊಳಕ್ಕೆ ಬಂದು ಅಂಗಿ ಬದಲಿಸಿದ. ನಟ್ಟು ಬಿಚ್ಚುವ ಪಾನಾಗಳನ್ನು ಎತ್ತಿಡಲಿಲ್ಲ, ಬಾಗಿಲಿಗೆ ಕೀಲಿ ಹಾಕಲಿಲ್ಲ. ನನ್ನ ಪಕ್ಕದಿಂದಲೇ ಹಾದು, ಸ್ಟೇಷನ್ನಿನ ರಸ್ತೆ ಹಿಡಿದು ಹೊರಟುಹೋದ. ಬಯಲಿನಲ್ಲಿ ಪ್ರಸಾದ ಹಂಚುತ್ತಿದ್ದರು.

ಎರಡು ಮಳೆಗಾಲ ಕಂಡಿದ್ದೇನೆ ಇದೇ ಜಾಗದಲ್ಲಿ. ಗಾಲಿಗಳು ಮಣ್ಣಿಗಿಳಿದಿವೆ. ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತದೆ. ಹಣೆಯ ಅಕ್ಷರಗಳು ಮಾತ್ರ ಇನ್ನೂ ಹೊಳೆಯುತ್ತವೆ. ಅವನ್ನು ಕಂಡರೆ ನನಗೇ ಸಿಟ್ಟು ಬರುತ್ತದೆ. ವಜ್ರಾಂಗ ಗಟ್ಟಿ ಎಂದು ಊರು ಹಾಡುತ್ತಿತ್ತು. ಗಟ್ಟಿಯಾಗಿದ್ದದ್ದು ಹಿತ್ತಿಲಿನಲ್ಲಿ ಬೆನ್ನ ಮೇಲೆ ಮಲಗಿ ಎಣ್ಣೆ ತುಂಬುತ್ತಿದ್ದ ಒಬ್ಬ ಮನುಷ್ಯನ ಕೈ. ಅದಕ್ಕೆ ಯಾರೂ ಹೂ ಮುಡಿಸಲಿಲ್ಲ.

ಅವನು ಹೋದ ಆರನೆಯ ದಿನ ಪಟ್ಟಣಶೆಟ್ಟಿ ಒಬ್ಬನೇ ಬಂದ. “ಮಾಬು” ಎಂದು ಮೆಲ್ಲಗೆ ಕರೆದ. ಹತ್ತನೆಯ ದಿನ ವಕೀಲ ಬಂದ. ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ತೆರೆದ ಬಾಗಿಲಲ್ಲಿ ಇಣುಕಿ, ತುಕ್ಕು ಹತ್ತಿದ ಪಾನಾಗಳನ್ನು ನೋಡಿ, ಮೊದಲನೇ ಗೇರಿನಲ್ಲಿ ಮೆಲ್ಲಗೆ, ಬಹಳ ಮೆಲ್ಲಗೆ ಗಾಡಿ ನಡೆಸಿಕೊಂಡು ಹೋದರು.

ಮಾಬೂಸಾಬ ಬರಲಿಲ್ಲ.