ದಿನಕ್ಕೊಂದು ತಪ್ಪು

ಸುತ್ತುವ ಕುರ್ಚಿ ಬಂದಿದೆ ಎಂದು ಲೆಕ್ಕದ ಮೇಡಂಗೆ ಮೊದಲು ಗೊತ್ತಾಯಿತು. ಅದು ಬಂದಿರುವುದು ತನಗೇ ಎಂದು ಆಮೇಲೆ ಗೊತ್ತಾಯಿತು. ಆಫೀಸಿನ ಪಕ್ಕದ ಕೋಣೆಯಿಂದ ಸೊಟ್ಟ ಗ್ಲೋಬುಗಳನ್ನೂ ಒಂದು ಕೈಯಿಲ್ಲದ ಅಸ್ಥಿಪಂಜರವನ್ನೂ ಸಾಗಿಸಿ, ಗೋಡೆಗೆ ತಿಳಿನೀಲಿ ಬಣ್ಣ ಬಳಿದು, ನಟ್ಟನಡುವೆ ಆ ಕುರ್ಚಿಯನ್ನಿಟ್ಟಿದ್ದರು. ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿರಲಿಲ್ಲ. ಯಾರಿಗೋ ಬಡ್ತಿ ಸಿಕ್ಕಿದೆ ಎಂದರು ಸ್ಟಾಫ್ ರೂಮಿನ ಎಳೆಯರು. ಯಾರನ್ನೋ ಸಾಗಹಾಕುತ್ತಿದ್ದಾರೆ ಎಂದರು ಅನುಭವಸ್ಥರು. ಇಬ್ಬರು ಹೇಳಿದ್ದೂ ನಿಜವೇ ಆಗಿತ್ತು.

ಹೆಡ್‌ಮಾಸ್ಟರು ಕೆಟ್ಟ ಮನುಷ್ಯರಲ್ಲ. ಈ ಶಾಲೆಗೆ ಹೊಸಬರು, ಮೆದು ಮಾತಿನವರು. ಯಾರಿಗಾದರೂ ಅಹಿತವಾದದ್ದನ್ನು ಹೇಳಬೇಕಾದರೆ ಮೊದಲು ಟೀ ತರಿಸುತ್ತಿದ್ದರು. ಹಾಗಾಗಿ ಟೀ ಕಪ್ಪು ಎದುರಿಗೆ ಬಂತೆಂದರೆ ಶಿಕ್ಷಕರ ಎದೆ ಧಸಕ್ಕೆನ್ನುತ್ತಿತ್ತು. ಅವತ್ತು ಲೆಕ್ಕದ ಮೇಡಂಗೆ ಟೀ ಜೊತೆ ಬಿಸ್ಕತ್ತೂ ಬಂತು.

"ಇನ್ಮೇಲೆ ನೀವು ಮಾರ್ಗದರ್ಶಕರು, ಮೇಡಂ. ಕ್ಲಾಸಿನ ತಲೆನೋವು ಇಲ್ಲ. ಎಳೇ ಟೀಚರುಗಳು ಬಂದು ಕೇಳ್ತಾರೆ, ನೀವು ಕೂತ್ಕೊಂಡು ಹೇಳ್ತೀರಿ. ಮೊದಲಿಗೆ ತರಬೇತೀಲಿ ಒಂದು ಭಾಷಣ. ವಿಷಯ ನಾನೇ ಆರಿಸಿದೀನಿ. ಇಷ್ಟು ವರ್ಷ ಪಾಠ ಮಾಡಿಯೂ ಉತ್ಸಾಹ ಉಳಿಸಿಕೊಳ್ಳುವುದು ಹೇಗೆ."

"ನನ್ನ ಎಂಟನೇ ಕ್ಲಾಸು?"

"ಅದನ್ನ ಹೊಸದಾಗಿ ಬಂದಿರೋ ಹುಡುಗ ನೋಡ್ಕೋತಾನೆ."

"ತಟ್ಟೆ ಎತ್ಕೊಂಡು ಹೋಗಿ, ಊಟ ಹೇಗಿತ್ತು ಅಂತ ಕೇಳೋ ಹಾಗಿದೆ, ಸಾರ್."

ಹೆಡ್‌ಮಾಸ್ಟರು ನಗಲಿಲ್ಲ. ಫೋನು ತೆಗೆದು ಒಂದು ಫೋಟೋ ತೋರಿಸಿದರು. ಕಿಟಕಿಯ ಸರಳುಗಳ ನಡುವಿನಿಂದ ತೆಗೆದದ್ದು. ಬೋರ್ಡಿನ ಮೇಲೆ ಮೇಡಂ ಅವರದೇ ದುಂಡು ಬರಹ: ಮೈನಸ್ ಮೂರನ್ನು ಮೈನಸ್ ಮೂರರಿಂದ ಗುಣಿಸಿದರೆ ಮೈನಸ್ ಒಂಬತ್ತು. ಬೆರಳಾಡಿಸಿ ಇನ್ನೊಂದು ತೋರಿಸಿದರು, ಮತ್ತೊಂದು ತೋರಿಸಿದರು. ಎಲ್ಲದರಲ್ಲೂ ಒಂದೊಂದು ತಪ್ಪು.

"ಮೊದಲನೇ ಸಲ ಕಣ್ತಪ್ಪು ಅನ್ಕೊಂಡೆ. ಆಮೇಲೆ ಕಾರಿಡಾರಲ್ಲಿ ಹೋಗೋವಾಗೆಲ್ಲ ನೋಡ್ದೆ. ವಯಸ್ಸು ಯಾರನ್ನ ಬಿಡುತ್ತೆ, ಮೇಡಂ? ನಮ್ಮಮ್ಮನೂ ಈಗೀಗ ಗ್ಯಾಸ್ ಆರಿಸೋದು ಮರೀತಾರೆ."

"ನಿಮ್ಮಮ್ಮ ಬೇಕಂತ ಮರೀತಾರಾ?"

"ಅಂದ್ರೆ?"

"ಇದು ನಾನು ಬೇಕಂತ ಬರೆದದ್ದು."

ಮೇಡಂ ವಿವರಿಸಿದರು. ದಿನಕ್ಕೊಂದು ತಪ್ಪನ್ನು ಬೋರ್ಡಿನಲ್ಲಿ ಬಚ್ಚಿಡುವುದು. ಎಲ್ಲಿದೆ ಎಂದು ಸುಳಿವು ಕೊಡುವ ಹಾಗಿಲ್ಲ. ಹಿಡಿದವರು ಬೋರ್ಡಿನ ಹತ್ತಿರ ಬಂದು ಯಾಕೆ ತಪ್ಪು ಅಂತ ಹೇಳಬೇಕು. ಸರಿಯಾಗಿ ಹೇಳಿದರೆ ಬೆಲ್ ಆಗುವ ತನಕ ಟೀಚರ ಕುರ್ಚಿ ಅವರದು, ಟೀಚರು ನಿಂತಿರಬೇಕು. "ಇನ್ನೈದು ನಿಮಿಷ ಕಿಟಕಿ ಹತ್ರ ನಿಂತಿದ್ರೆ ನಿಮಗೇ ಕಾಣ್ತಿತ್ತು."

ಹೆಡ್‌ಮಾಸ್ಟರು ಬಿಸ್ಕತ್ತಿನ ತಟ್ಟೆಯನ್ನು ಮುಂದೆ ಸರಿಸಿದರು. "ಬೇಜಾರು ಮಾಡ್ಕೋಬೇಡಿ. ಸಿಕ್ಕಿಬಿದ್ದೋರೆಲ್ಲ ಬೇಕಂತ ಮಾಡ್ದೆ ಅಂತಲೇ ಹೇಳೋದು. ಚಿಕ್ಕೋನಿದ್ದಾಗ ನಾನೂ ಸೈಕಲ್ಲಿಂದ ಬೇಕಂತಲೇ ಬೀಳ್ತಿದ್ದೆ."

ಮೇಡಂ ಎದ್ದು ನಿಂತರು. ಟೀ ಮುಟ್ಟಿರಲಿಲ್ಲ.

"ನಾಳೆ ಬನ್ನಿ, ಸಾರ್. ಕೊನೇ ಬೆಂಚಲ್ಲಿ ಕೂತ್ಕೊಳ್ಳಿ. ನಾನು ಇಟ್ಟ ತಪ್ಪನ್ನ ಮಕ್ಕಳು ಹಿಡಿದ್ರೆ ಕ್ಲಾಸು ನಂದು. ಹಿಡೀಲಿಲ್ಲ ಅಂದ್ರೆ ನಿಮ್ಮ ಕುರ್ಚಿ ಪ್ಲಾಸ್ಟಿಕ್ ನಾನೇ ಬಿಚ್ತೀನಿ."

"ಆಗ್ಲಿ," ಎಂದರು ಹೆಡ್‌ಮಾಸ್ಟರು. ತಮ್ಮ ಔದಾರ್ಯವನ್ನು ತಾವೇ ಸ್ವಲ್ಪ ಮೆಚ್ಚಿಕೊಂಡಂತಿತ್ತು.

ತಡವಾಗಿ ಬಂದ ತಪ್ಪಿಗೆ ಎಂಟನೇ ಕ್ಲಾಸಿನ ಇಬ್ಬರು ಆಫೀಸಿನ ಬಾಗಿಲ ಹೊರಗೆ ನಿಂತಿದ್ದರು. ಫೋಟೋದ ಮಾತು ಅವರ ಕಿವಿಗೆ ಬಿತ್ತು, ವಯಸ್ಸಿನ ಮಾತೂ ಬಿತ್ತು. ಪಂದ್ಯದ ಮಾತು ಬರುವಷ್ಟರಲ್ಲಿ ಜವಾನ ಬಂದು ಅವರನ್ನು ಕ್ಲಾಸಿಗೆ ಓಡಿಸಿದ. ಮಧ್ಯಾಹ್ನದ ಬಿಡುವಿನೊಳಗೆ ಆ ಅರ್ಧ ಸುದ್ದಿ ಇಡೀ ತರಗತಿಗೆ ತಲುಪಿತು: ಬೋರ್ಡಿನ ಮೇಲೆ ತಪ್ಪು ಕಂಡರೆ ಮೇಡಂನ ತೆಗೆದುಹಾಕ್ತಾರೆ.

ಮೇಡಂ ಅವರ ಗಂಡ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದು ನಿವೃತ್ತರಾದವರು. ಈಗಲೂ ದಿನಪತ್ರಿಕೆಯನ್ನು ಕೆಂಪು ಪೆನ್ನು ಹಿಡಿದೇ ಓದುತ್ತಿದ್ದರು. ಪತ್ರಿಕೆಯವರಿಗೆ ಇದು ಗೊತ್ತಿರಲಿಲ್ಲ. ರದ್ದಿ ಕೊಳ್ಳಲು ಬರುವವನಿಗೆ ಗೊತ್ತಿತ್ತು. ಹೆಂಡತಿ ಹೇಳಿದ್ದನ್ನೆಲ್ಲ ಕೇಳಿ ಅವರು ಕನ್ನಡಕ ತೆಗೆದಿಟ್ಟರು.

"ನಾಳೆ ಒಂದಿನ ಸರಿಯಾಗಿ ಬರಿ. ಬೋರ್ಡ್ ಮೇಲೆ ತಪ್ಪೇ ಇಲ್ಲ ಅಂದ್ರೆ ಆ ಮನುಷ್ಯ ಏನು ಮಾಡ್ತಾನೆ?"

"ಸರಿಯಾಗಿ ಬರೆಯೋಕೆ ನಾನೇ ಯಾಕೆ ಬೇಕು? ಪುಸ್ತಕದಲ್ಲೇ ಸರಿಯಾಗಿದೆ."

"ಜೀವಮಾನವೆಲ್ಲ ನಾನು ತಪ್ಪು ತೆಗೆದೆ, ನೀನು ತಪ್ಪು ಹಾಕ್ತಾ ಕೂತೆ. ಮನೆ ಲೆಕ್ಕ ಅಲ್ಲಿಗಲ್ಲಿಗೆ ಸರಿಹೋಯ್ತು." ಪತ್ರಿಕೆ ಮಡಚಿಟ್ಟು ಕೇಳಿದರು, "ವರ್ಷ ವರ್ಷ ಅದೇ ಲೆಕ್ಕ. ನಿಜವಾಗ್ಲೂ ಬೇಜಾರಾಗಲ್ವೇನೇ?"

ಮೇಡಂ ಬಟ್ಟೆ ಮಡಚುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದಿನ ಅವರು ನಿಜವಾಗಿಯೇ ತಪ್ಪು ಬರೆದಿದ್ದರು. ಇಡೀ ಕ್ಲಾಸು ಅದನ್ನು ಮುದ್ದಾಗಿ ಬರೆದುಕೊಂಡು, ಕೆಳಗೆ ಗೆರೆ ಎಳೆದು, ಮುಂದಿನ ಲೆಕ್ಕಕ್ಕೆ ಕಾದು ಕೂತಿತ್ತು. ಒಬ್ಬರೂ ತುಟಿ ಬಿಚ್ಚಿರಲಿಲ್ಲ. ಅವತ್ತು ಅವರಿಗೆ ಆದದ್ದು ಭಯ. ನಾಳೆ ತಾನು ಭೂಮಿ ಚೌಕಾಕಾರ ಎಂದರೂ ಈ ಮಕ್ಕಳು ಸ್ಕೇಲು ಹುಡುಕುತ್ತಾರೆ ಎಂಬ ಭಯ.

"ಲೆಕ್ಕ ಅದೇ, ರೀ. ಬಚ್ಚಿಡೋ ಜಾಗ ದಿನಾ ಹೊಸದು ಬೇಕು. ಹೋದ ವರ್ಷದೋರು ಎಡವಿದ ಕಡೆ ಈ ವರ್ಷದೋರು ಎಡವಲ್ಲ. ಬೆಳಿಗ್ಗೆ ಹಲ್ಲುಜ್ಜೋವಾಗ್ಲೇ ಶುರುವಾಗುತ್ತೆ, ಇವತ್ತು ಇವರಿಗೆ ಎಲ್ಲಿಡ್ಲಿ ಅಂತ. ಆ ನೀಲಿ ಕೋಣೇಲಿ ಕೂತು ನಾನು ಯಾರಿಗೆ ಏನು ಬಚ್ಚಿಡ್ಲಿ?"

ಗಂಡ ಕನ್ನಡಕ ಹಾಕಿಕೊಂಡರು. "ನಾಳೇದು ಎಲ್ಲಿಡ್ತೀಯಾ?"

"ನಿಮಗೆ ಹೇಳಿದ್ರೆ ಪೆನ್ನು ಹಿಡ್ಕೊಂಡು ಬಂದುಬಿಡ್ತೀರಿ."

ಮರುದಿನ ಹೆಡ್‌ಮಾಸ್ಟರು ಕೊನೆಯ ಬೆಂಚಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಕೂತರು. ಮೇಡಂ ಬೋರ್ಡಿನ ಎಡಭಾಗದಲ್ಲಿ ಮೊದಲನೇ ಲೆಕ್ಕ ಬರೆದರು. ಆವರಣದ ಎಡಕ್ಕೆ ಮೈನಸ್ ಇದ್ದರೆ, ಆವರಣ ಬಿಡಿಸುವಾಗ ಒಳಗಿನ ಮೈನಸ್ ಪ್ಲಸ್ ಆಗಬೇಕು. ಅವರು ಅದನ್ನು ಮೈನಸ್ಸಾಗಿಯೇ ಬಿಟ್ಟು, ಏನೂ ಆಗದವರಂತೆ ಮುಂದಿನ ಸಾಲಿಗೆ ಇಳಿದರು. ಈ ಕ್ಲಾಸಿಗೆ ಇದು ದೊಡ್ಡ ಸವಾಲೇನಲ್ಲ. ಸೀಮೆಸುಣ್ಣ ಕೆಳಗಿಡುವಷ್ಟರಲ್ಲಿ ಕೈಗಳು ಏಳಬೇಕಿತ್ತು.

ಏಳಲಿಲ್ಲ. ಎಲ್ಲರೂ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು. ಪೆನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಇಂಥ ಶಿಸ್ತನ್ನು ನೋಡಿ ಬೇರೆ ಯಾವ ಟೀಚರಾದರೂ ಹಿಗ್ಗುತ್ತಿದ್ದರು.

ಮೊದಲ ಬೆಂಚಿನ ದಪ್ಪ ಕನ್ನಡಕದ ಹುಡುಗ ಎದ್ದ. "ಬೋರ್ಡು ಒರೆಸ್ಲಾ, ಮೇಡಂ?"

"ಈಗ ತಾನೆ ಬರ್ದಿದೀನಲ್ಲೋ."

"ಅಲ್ಲಲ್ಲಿ ಧೂಳಿದೆ, ಮೇಡಂ." ಅವನಾಗಲೇ ಡಸ್ಟರ್ ಹಿಡಿದು ಹೊರಟಿದ್ದ. ಬೋರ್ಡಿನ ಅಷ್ಟಗಲದಲ್ಲಿ ಅವನಿಗೆ ಧೂಳು ಕಂಡದ್ದು ಆ ಮೈನಸ್ಸಿನ ಮೇಲೆ ಮಾತ್ರ.

"ಡಸ್ಟರ್ ಕೆಳಗಿಡು."

ಮೇಡಂಗೆ ಅರ್ಥವಾಯಿತು. ಎಲ್ಲರಿಗೂ ಕಂಡಿದೆ, ಎಲ್ಲರೂ ಸೇರಿ ಮುಚ್ಚಿಡುತ್ತಿದ್ದಾರೆ. ಕೆಲಸಕ್ಕೆ ಸೇರಿದ ಕಾಲದ ಮಕ್ಕಳು ಹೆದರಿ ಬಾಯಿ ಮುಚ್ಚಿಕೊಂಡಿದ್ದರು, ಇವರು ಪ್ರೀತಿಯಿಂದ ಮುಚ್ಚಿಕೊಂಡಿದ್ದಾರೆ. ಬೋರ್ಡಿನ ಮೇಲಿನ ತಪ್ಪಿಗೆ ಎರಡೂ ಒಂದೇ. ಅದು ಆರಾಮವಾಗಿ ಕೂತಿತ್ತು. ಒಂದು ಸುಳಿವು ಕೊಟ್ಟರೆ ಸಾಕಿತ್ತು, ಒಂದು ಕೆಮ್ಮು ಸಾಕಿತ್ತು. ಮೇಡಂ ಕೆಮ್ಮಲಿಲ್ಲ. ಬೋರ್ಡಿನ ಬಲಭಾಗದಲ್ಲಿ ಎರಡನೇ ಲೆಕ್ಕವನ್ನು, ಸೀಮೆಸುಣ್ಣ ಮುರಿಯುವ ಹಾಗೆ ಒತ್ತಿ, ಸರಸರನೆ ಬರೆದು ಮುಗಿಸಿ, ಕೈಕಟ್ಟಿ ತಿರುಗಿದರು.

"ಇನ್ನು ಬರೆಯಲ್ಲ. ಬೆಲ್ ಆಗೋ ತನಕ ಇಲ್ಲೇ ನಿಂತಿರ್ತೀನಿ."

ನಿಂತರು. ಫ್ಯಾನು ತಿರುಗಿತು. ಹೆಡ್‌ಮಾಸ್ಟರು ಒಂದು ಸಲ ಗಡಿಯಾರ ನೋಡಿದರು. ಅವರ ಮುಖದಲ್ಲಿ ಗೆದ್ದ ಕಳೆಯಿರಲಿಲ್ಲ, ಪಾಪ ಅನ್ನುವ ಭಾವವಿತ್ತು. ಮೇಡಂಗೆ ಸಹಿಸಲಾಗದ್ದು ಅದೇ.

ಕಿಟಕಿ ಪಕ್ಕದ ಸಾಲಿನಲ್ಲಿ ಒಬ್ಬಳು ಎದ್ದಳು. ಸ್ಟಾಫ್ ರೂಮಿನಲ್ಲಿ ಅವಳಿಗೆ ತಕರಾರು ಎಂದು ಹೆಸರು. ಶಾಲೆಯ ಗಡಿಯಾರ ಹಿಂದಿದೆ ಎಂದು, ನಕ್ಷೆಯಲ್ಲಿ ನದಿ ಗುಡ್ಡ ಹತ್ತುತ್ತಿದೆ ಎಂದು ಅವಳು ಈಗಾಗಲೇ ತಕರಾರು ಎತ್ತಿದ್ದಳು. ಪಕ್ಕದವಳು ಅವಳ ಲಂಗ ಹಿಡಿದೆಳೆದಳು.

"ಕೂತ್ಕೊಳ್ಳೇ, ಸುಮ್ನೆ."

"ಬಿಡೇ. ಮೇಡಂ, ಇವರೆಲ್ಲ ಹೇಳ್ಬೇಡ ಅಂದಿದಾರೆ. ಹೇಳಿದ್ರೆ ನಿಮ್ಮನ್ನ ತೆಗೆದುಹಾಕ್ತಾರಂತೆ. ನಾನೂ ಇಷ್ಟೊತ್ತು ತಡ್ಕೊಂಡೆ. ಆಗ್ತಿಲ್ಲ."

"ಬಾ. ತೋರಿಸು."

ಅವಳು ಬಂದಳು. ಎಡಕ್ಕೆ ಹೋಗಲಿಲ್ಲ, ಬಲಕ್ಕೆ ಹೋದಳು. "ಮೇಲಿನ ಸಾಲಲ್ಲಿ ಹದಿನೇಳು. ಕೆಳಗಿಳಿಯೋವಾಗ ಹನ್ನೊಂದು. ಆರು ಎಲ್ಲಿ ಹೋಯ್ತು, ಮೇಡಂ?"

ಮೇಡಂ ನೋಡಿದರು. ಹೌದು. ಸಿಟ್ಟಿನಲ್ಲಿ ಬರೆದ ಏಳು ಒಂದಾಗಿ ಕೆಳಗಿಳಿದಿತ್ತು. ಅವರು ಇಟ್ಟದ್ದಲ್ಲ, ಅದಾಗಿಯೇ ಬಿದ್ದದ್ದು. ಹಿಂದೆ ಹೆಡ್‌ಮಾಸ್ಟರು ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದರು. ಭೇಷ್, ಇದೇ ಇವತ್ತಿನ ತಪ್ಪು ಎಂದುಬಿಟ್ಟಿದ್ದರೆ ಕ್ಲಾಸು ಉಳಿಯುತ್ತಿತ್ತು. ಹೆಡ್‌ಮಾಸ್ಟರಿಗೆ ಗೊತ್ತಾಗುತ್ತಿರಲಿಲ್ಲ.

"ಸಾರ್," ಎಂದರು ಮೇಡಂ, ದನಿ ಎತ್ತಿ. "ಇದರ ಫೋಟೋನೂ ತೆಗೀರಿ. ಇದು ನಾನು ಇಟ್ಟ ತಪ್ಪಲ್ಲ. ನಿಜವಾಗ್ಲೂ ಆದದ್ದು."

ಆಮೇಲೆ ಕ್ಲಾಸಿನ ಕಡೆ ತಿರುಗಿದರು.

"ಇವತ್ತಿನ ತಪ್ಪು ಇನ್ನೂ ಬೋರ್ಡ್ ಮೇಲೇ ಇದೆ. ಇವಳೊಬ್ಬಳು ನನಗೆ ಹೆದರಲಿಲ್ಲ, ನನ್ನ ಮೇಲೆ ಕನಿಕರಾನೂ ಪಡಲಿಲ್ಲ. ಮಿಕ್ಕೋರು ಏನು ಮಾಡ್ತೀರಿ?"

ಮೊದಲು ಎದ್ದದ್ದು ದಪ್ಪ ಕನ್ನಡಕದವನ ಕೈ. ಆಮೇಲೆ ಯಾವ ಕೈ ಯಾರದೆಂದು ಹೇಳುವುದು ಕಷ್ಟವಾಯಿತು. ಆವರಣ, ಮೇಡಂ. ಮೈನಸ್, ಮೇಡಂ. ಪ್ಲಸ್ ಆಗ್ಬೇಕಿತ್ತು, ಮೇಡಂ.

"ಆಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು, ಮೇಡಂ."

"ಗೊತ್ತಿದ್ದೂ ಕಲ್ಲಿನ ಹಾಗೆ ಕೂತಿದ್ರಾ?"

"ನಿಮಗೋಸ್ಕರ, ಮೇಡಂ," ಎಂದ ಕನ್ನಡಕದವನು, ಅಳು ಬಂದವನಂತೆ.

"ನನಗೋಸ್ಕರ ಯಾರೂ ತಪ್ಪನ್ನ ಸರಿ ಅನ್ನೋದು ಬೇಡ. ನನ್ನ ಕೆಲಸ ಹೋಗೋ ಹಾಗಿದ್ರೂ ಬೇಡ. ಅಷ್ಟು ಪ್ರೀತಿ ಇದ್ರೆ ನನ್ನನ್ನ ಹಿಡೀರಿ, ಮರಿ."

ತಕರಾರು ಯಾರ ಅಪ್ಪಣೆಗೂ ಕಾಯದೆ ಹೋಗಿ ಟೀಚರ ಕುರ್ಚಿಯಲ್ಲಿ ಕೂತಳು. ಮೇಡಂ ನಿಂತರು.

ಬೆಲ್ ಆದಮೇಲೆ ಕಾರಿಡಾರಿನಲ್ಲಿ ಹೆಡ್‌ಮಾಸ್ಟರು ಮೊಣಕಾಲು ಉಜ್ಜಿಕೊಳ್ಳುತ್ತ ಹೇಳಿದರು, "ನಿಜವಾದ ತಪ್ಪೂ ಮಾಡ್ತೀರಿ ಅಂತ ನೀವೇ ಒಪ್ಕೊಂಡ್ರಿ."

"ಒಪ್ಕೊಂಡೆ. ಇನ್ನೂ ಮಾಡ್ತೀನಿ. ಎಷ್ಟೊತ್ತು ಉಳೀತು ಅದು? ಆ ಹೊಸ ಹುಡುಗ ತಪ್ಪಿದ್ರೆ ಅವನ ಕ್ಲಾಸಲ್ಲಿ ಯಾರು ಏಳ್ತಾರೆ, ಹೋಗಿ ಕೂತು ನೋಡಿ. ನಿಮ್ಮ ಮೀಟಿಂಗಲ್ಲಿ ನೀವು ತಪ್ಪಿದ್ರೆ ಯಾರು ಏಳ್ತಾರೆ, ಅದನ್ನೂ ನೋಡಿ."

ಹೆಡ್‌ಮಾಸ್ಟರು ಎಂಟನೇ ಕ್ಲಾಸಿನ ಬಾಗಿಲ ಕಡೆ ತಿರುಗಿ ನೋಡಿದರು. "ನನ್ನ ಪಕ್ಕ ಕೂತೋನು ಶುರೂಲೇ ಪ್ಲಸ್ ಅಂತ ಬರ್ಕೊಂಡಿದ್ದ. ನಾನು ಇಣುಕಿದ್ದೇ ತಡ, ಕೈ ಅಡ್ಡ ಇಟ್ಟ. ಆಗ ಯಾಕೆ ಅಂತ ಹೊಳೀಲಿಲ್ಲ." ನಿಟ್ಟುಸಿರು ಬಿಟ್ಟರು. "ಕ್ಲಾಸು ನಿಮ್ದೇ. ಈಗ ಆ ಕುರ್ಚಿ ಏನು ಮಾಡ್ಲಿ? ಮೇಲಿನೋರಿಗೆ ಉತ್ತರ ಹೇಳ್ಬೇಕು."

"ಕುರ್ಚಿಗೆ ಜಾಗ ನಾನು ತೋರಿಸ್ತೀನಿ."

"ಭಾಷಣ?"

"ಮಾಡ್ತೀನಿ. ಬೋರ್ಡು ಇಡ್ಸಿ. ಎರಡು ಲೆಕ್ಕ ಬರೆದು ಸುಮ್ನೆ ನಿಂತ್ಕೋತೀನಿ. ಯಾರೂ ಏಳ್ಲಿಲ್ಲ ಅಂದ್ರೆ ಅವತ್ತಿನ ಭಾಷಣ ಅಷ್ಟೇ."

ಮರುದಿನ ಎಂಟನೇ ಕ್ಲಾಸಿನಲ್ಲಿ ಹಳೇ ಮರದ ಕುರ್ಚಿಯ ಜಾಗದಲ್ಲಿ ಸುತ್ತುವ ಕುರ್ಚಿಯಿತ್ತು. ಪ್ಲಾಸ್ಟಿಕ್ಕನ್ನು ಮೇಡಂ ತಾವೇ ಹರಿದರು. ಕ್ಲಾಸಿನ ಕಣ್ಣೆಲ್ಲ ಒಮ್ಮೆ ಕುರ್ಚಿಯ ಮೇಲೆ, ಒಮ್ಮೆ ಬೋರ್ಡಿನ ಮೇಲೆ. ಅಷ್ಟು ಹಸಿದ ಕಣ್ಣುಗಳೆದುರು ತಪ್ಪು ಬಚ್ಚಿಡುವುದು ಇನ್ನು ಮೊದಲಿನಷ್ಟು ಸುಲಭವಿಲ್ಲ ಎಂದು ಮೇಡಂಗೆ ಹೊಳೆಯಿತು, ಖುಷಿಯಾಯಿತು.

ಮೂರನೇ ಸಾಲು ಬರೆಯುವಾಗ ಕಿಟಕಿಯ ಹೊರಗೆ ನೆರಳೊಂದು ಬಂದು ನಿಂತಿತು. ಹೆಡ್‌ಮಾಸ್ಟರು. ಫೋನು ಜೇಬಿನಲ್ಲೇ ಇತ್ತು. ಹುಬ್ಬು ಗಂಟಿಕ್ಕಿ, ಬೋರ್ಡನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದುತ್ತಿದ್ದರು.

"ಹೊರಗಿನೋರಿಗೆ ಕುರ್ಚಿ ಇಲ್ಲ, ಸಾರ್," ಎಂದರು ಮೇಡಂ, ತಿರುಗಿ ನೋಡದೆ, ಬರೆಯುತ್ತಲೇ.